ರೋಸೆಟ್ಟಿನ ಆಚೆ-ಈಚೆ: ಅರಸೀಕೆರೆ, ಬೇಲೂರು, ಹಳೇಬೀಡುಗಳ ದೂರವಾಣಿ ತಂತಿಯೂ ಕಂಪ್ಯೂಟರ್ ಜಾಲವೂ

ಅರಸೀಕೆರೆಯ ಎಸ್‌ಟಿಡಿ ಕೋಡ್ 08174, ಬೇಲೂರಿನದು 08177, ಜಿಲ್ಲಾ ಕೇಂದ್ರ ಹಾಸನದ್ದು 08172. ಹಳೇಬೀಡಿಗೆ ತನ್ನದೇ ಕೋಡ್ ಇಲ್ಲ. ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಅದು 08177ರೊಳಗೇ ಬರುತ್ತದೆ. ದೋರಸಮುದ್ರವೆಂಬ ಹೆಸರಿನಲ್ಲಿ ಹೊಯ್ಸಳರ ರಾಜಧಾನಿಯಾಗಿದ್ದ ಊರು ದೂರವಾಣಿಯ ನಕ್ಷೆಯಲ್ಲಿ ಬೇಲೂರಿನ ಒಂದು ಕವಲು. ಯಾವ ಕರೆ ಸ್ಥಳೀಯ, ಯಾವುದು ಹೊರಗಿನದು ಎಂದು ಈ ಅಂಕಿಗಳು ಬಹುಕಾಲ ನಿರ್ಧರಿಸಿದವು. ಅವುಗಳ ಹಿಂದೆ ತಾಮ್ರದ ಒಂದು ಭೂಗೋಳವಿದೆ. ಆ ಭೂಗೋಳದ ಮೇಲೆಯೇ ಈ ಭಾಗದ ಕಂಪ್ಯೂಟರುಗಳು ಮೊದಲು ಹೊರಜಗತ್ತಿಗೆ ಸೇರಿಕೊಂಡವು.

ಮನೆಯ ದೂರವಾಣಿ ತಂತಿಯನ್ನು ಕಂಪ್ಯೂಟರ್ ಜಾಲಕ್ಕೆ ಬಳಸಿಕೊಳ್ಳುವುದು ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಒಂದು ಉದ್ಯಮವೇ ಆಗಿತ್ತು. ಆ ಉದ್ಯಮದ ಪೆಟ್ಟಿಗೆಗಳು ನಮ್ಮ ಮನೆಗಳಿಗೆ ಬರಲಿಲ್ಲ. ಹಾಗೆಂದು ದೂರವಾಣಿ ತಂತಿ ನಮ್ಮಲ್ಲಿ ಜಾಲವಾಗಲಿಲ್ಲ ಎನ್ನುವಂತಿಲ್ಲ. ಆಯಿತು, ಆದರೆ ಮನೆಯ ಗೋಡೆಯೊಳಗೆ ಅಲ್ಲ, ಎಕ್ಸ್‌ಚೇಂಜಿನಿಂದ ಗೋಡೆಯ ಮೇಲಿನ ರೋಸೆಟ್ ಡಬ್ಬಿಯವರೆಗೆ. ರೋಸೆಟ್ಟಿನ ಈಚೆಗಿದ್ದ ಹತ್ತು ಹನ್ನೆರಡು ಮೀಟರ್ ತಂತಿ ಆ ಜಾಲದ ಅತ್ಯಂತ ದುರ್ಬಲ ತುಂಡಾಗಿ ಉಳಿಯಿತು. ಇದು ಯಾಕೆ ಹೀಗಾಯಿತು ಎಂಬುದನ್ನು ತಂತಿಯ ಭೌತಶಾಸ್ತ್ರ, ಕಾನೂನು, ಊರಿನ ಸ್ವರೂಪ ಮೂರನ್ನೂ ಒಟ್ಟಿಗಿಟ್ಟು ನೋಡುವುದು ಈ ಟಿಪ್ಪಣಿಯ ಕೆಲಸ.

ಮೊದಲು ಅಮೆರಿಕದ ಕತೆ, ಸಂಕ್ಷೇಪವಾಗಿ. 1985ರ ಸುಮಾರಿಗೆ ಆಪಲ್ ಕಂಪನಿ ತನ್ನ ಮ್ಯಾಕಿಂಟಾಷ್ ಯಂತ್ರಗಳನ್ನೂ ಪ್ರಿಂಟರುಗಳನ್ನೂ ಜೋಡಿಸಲು ಲೋಕಲ್‌ಟಾಕ್ ಎಂಬ ವ್ಯವಸ್ಥೆ ತಂದಿತು. ವೇಗ ಸೆಕೆಂಡಿಗೆ 230.4 ಕಿಲೋಬಿಟ್. ಅದಕ್ಕೆ ಬೇಕಿದ್ದ ಕವಚವಿರುವ ಕೇಬಲ್ ದುಬಾರಿ. ರೀಸ್ ಜೋನ್ಸ್ ಎಂಬಾತ ಕಟ್ಟಿದ ಫ್ಯಾರಲಾನ್ ಸಂಸ್ಥೆ ಫೋನ್‌ನೆಟ್ ಎಂಬ ಸಣ್ಣ ಜೋಡಕವನ್ನು ಮಾರಿತು. ಅಲ್ಲಿನ ಗೋಡೆಗಳಲ್ಲಿ ಫೋನಿಗೆಂದು ಎಳೆದ ಕೇಬಲ್‌ನಲ್ಲಿ ನಾಲ್ಕು ತಂತಿ ಇರುತ್ತಿದ್ದವು: ಕೆಂಪು, ಹಸಿರು, ಕಪ್ಪು, ಹಳದಿ. ಮಾತಿಗೆ ಕೆಂಪು-ಹಸಿರು ಸಾಕು. ಸುಮ್ಮನೆ ಬಿದ್ದಿದ್ದ ಕಪ್ಪು-ಹಳದಿಯ ಮೇಲೆ ಫೋನ್‌ನೆಟ್ ದತ್ತಾಂಶವನ್ನು ಹರಿಸಿತು. ಇದೇ ಯೋಚನೆ ಕಚೇರಿಗಳಲ್ಲಿ ಇನ್ನೂ ದೊಡ್ಡದಾಗಿ ಬೆಳೆಯಿತು. 1987ರಲ್ಲಿ ಸೆಕೆಂಡಿಗೆ 1 ಮೆಗಾಬಿಟ್‌ನ ಸ್ಟಾರ್‌ಲ್ಯಾನ್ ಮಾನಕವಾಯಿತು. 1990ರಲ್ಲಿ 10 ಮೆಗಾಬಿಟ್‌ನ 10ಬೇಸ್-ಟಿ ಬಂತು. ಇವತ್ತು ನಾವು ಲ್ಯಾನ್ ಕೇಬಲ್ ಎಂದು ಕರೆಯುವ, ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕ್ಲಿಪ್ ಇರುವ ತಂತಿಯ ವಂಶ ಕಚೇರಿ ದೂರವಾಣಿಯ ತಿರುಚಿದ ಜೋಡಿತಂತಿಯಿಂದಲೇ ಇಳಿದು ಬಂದದ್ದು.

ಮನೆಗೆಂದೇ ರೂಪುಗೊಂಡದ್ದು ಹೋಂಪಿಎನ್‌ಎ. 1998ರಲ್ಲಿ ಇಂಟೆಲ್, ಐಬಿಎಂ, ಕಾಂಪ್ಯಾಕ್, ಲೂಸೆಂಟ್, ಟಟ್ ಸಿಸ್ಟಮ್ಸ್ ಮೊದಲಾದ ಕಂಪನಿಗಳು ಸೇರಿ ಈ ಒಕ್ಕೂಟ ಕಟ್ಟಿದವು. ಮೊದಲ ಮಾನಕದ ವೇಗ 1 ಮೆಗಾಬಿಟ್. ಮರುವರ್ಷ ಎಪಿಗ್ರಾಂ ಎಂಬ ಸಂಸ್ಥೆಯ ತಂತ್ರದಿಂದ 10 ಮೆಗಾಬಿಟ್. ಫೋನ್‌ನೆಟ್ ಖಾಲಿ ಜೋಡಿಯನ್ನು ಕೇಳುತ್ತಿತ್ತು. ಹೋಂಪಿಎನ್‌ಎ ಮಾತು ಹರಿಯುವ ಅದೇ ಜೋಡಿಯ ಮೇಲೆ ಕೂರುತ್ತಿತ್ತು. ಒಂದೇ ಜೋಡಿತಂತಿ ಮೂರು ಅಂತಸ್ತಿನ ಮನೆ ಎಂದಿಟ್ಟುಕೊಂಡರೆ, ಕೆಳ ಅಂತಸ್ತಿನಲ್ಲಿ 300ರಿಂದ 3400 ಹರ್ಟ್ಸ್‌ವರೆಗೆ ಮಾತು. ನಡುವೆ ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗೆ ಎಡಿಎಸ್‌ಎಲ್ ಎಂಬ ಬ್ರಾಡ್‌ಬ್ಯಾಂಡ್ ತಂತ್ರ. ಅದಕ್ಕೂ ಮೇಲೆ 4ರಿಂದ 10 ಮೆಗಾಹರ್ಟ್ಸ್‌ವರೆಗೆ ಹೋಂಪಿಎನ್‌ಎ. ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳದು. ಹವ್ಯಾಸಿ ರೇಡಿಯೊದವರ 7 ಮೆಗಾಹರ್ಟ್ಸ್ ಪಟ್ಟಿಗೆ ತೊಂದರೆಯಾಗದಂತೆ ಅಲ್ಲೊಂದು ಕಂಡಿಯನ್ನೂ ಬಿಟ್ಟಿದ್ದರು. ಹೊಸ ತಂತಿ ಎಳೆಯಬೇಕಿಲ್ಲ, ಗೋಡೆ ಕೊರೆಯಬೇಕಿಲ್ಲ. ಯಾವ ಕೋಣೆಯ ಫೋನ್ ಸಾಕೆಟ್ಟಿಗಾದರೂ ಕಂಪ್ಯೂಟರ್ ಸಿಕ್ಕಿಸಿದರೆ ಸಾಕು.

ಈ ವಾಕ್ಯದೊಳಗೆ ಒಂದು ಊಹೆ ಅಡಗಿದೆ: ಪ್ರತಿ ಕೋಣೆಯಲ್ಲೂ ಫೋನ್ ಸಾಕೆಟ್ ಇದೆ ಎಂಬುದು. ಅಮೆರಿಕದ ಮನೆಗಳ ಮಟ್ಟಿಗೆ ಇದು ನಿಜ. ಅಡುಗೆಮನೆಗೊಂದು, ಮಲಗುವ ಕೋಣೆಗೊಂದು, ನೆಲಮಾಳಿಗೆಗೊಂದು ಎಂದು ಮನೆ ಕಟ್ಟುವಾಗಲೇ ತಂತಿ ಹುಗಿಯುವುದು ಅಲ್ಲಿ ವಾಡಿಕೆ. 1968ರ ಕಾರ್ಟರ್‌ಫೋನ್ ತೀರ್ಪಿನ ನಂತರ ಗ್ರಾಹಕ ತನ್ನ ಉಪಕರಣವನ್ನು ಕಂಪನಿಯ ತಂತಿಗೆ ಜೋಡಿಸುವ ಹಕ್ಕೂ ಕ್ರಮೇಣ ಗಟ್ಟಿಯಾಯಿತು. ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ತಂತಿಯ ಮೇಲಿನ ಪೂರ್ಣ ಅಧಿಕಾರ ಸರ್ಕಾರದ್ದಾಗಿತ್ತು. ಕಂಬ, ತಂತಿ, ಬಹುಕಾಲದವರೆಗೆ ಫೋನ್ ಸೆಟ್ಟೂ ಇಲಾಖೆಯ ಸ್ವತ್ತು. ವರ್ಷಗಟ್ಟಲೆ ಕಾದು ಪಡೆದ ಕನೆಕ್ಷನ್ನಿನ ತಂತಿಯನ್ನು ಮನೆಯವರು ಬಿಚ್ಚಿ ನೋಡುವ ಧೈರ್ಯ ಮಾಡುತ್ತಿರಲಿಲ್ಲ. ಬಿಚ್ಚುವುದು ಲೈನ್‌ಮ್ಯಾನ್ ಕೆಲಸ.

ಆತ ಕೊಡುತ್ತಿದ್ದದ್ದೂ ಒಂದೇ ಜೋಡಿ. ಬೀದಿಯ ಕಂಬದಲ್ಲಿ ಮನೆಮನೆಗೆ ಜೋಡಿ ಹಂಚುವ ಡಿಪಿ ಬಾಕ್ಸಿನಿಂದ ಕಪ್ಪು ಡ್ರಾಪ್ ವೈರ್ ಹೊರಟು ಸೂರಿನ ಕೊಕ್ಕೆಗೆ ಬಿಗಿದು, ಕಿಟಕಿಯ ಮೂಲೆಯಲ್ಲೋ ಬಾಗಿಲ ಚೌಕಟ್ಟಿನ ಮೇಲಿನ ರಂಧ್ರದಲ್ಲೋ ಒಳಹೊಕ್ಕು, ಗೋಡೆಗೆ ಹೊಡೆದ ರೋಸೆಟ್ ಎಂಬ ಸಣ್ಣ ಚೌಕ ಡಬ್ಬಿಯಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಫೋನಿಗೆ ಒಂದು ಮೊಳ ತಂತಿ. ಅರಸೀಕೆರೆಯ ಪೇಟೆಬೀದಿಯ ಮನೆಯಾಗಲಿ, ಬೇಲೂರಿನ ಹಳೆಯ ಹೆಂಚಿನ ಮನೆಯಾಗಲಿ, ಫೋನಿನ ಜಾಗ ಪಡಸಾಲೆ. ಅದು ಮನೆಯವರ ಜೊತೆಗೆ ನೆರೆಯವರದ್ದೂ ಆಗಿತ್ತು. ಬೀದಿಗೆ ಹತ್ತಿರ ಇರಲೇಬೇಕು. ಮಲಗುವ ಕೋಣೆಯಲ್ಲಿ ಎರಡನೆಯ ಸಾಕೆಟ್ ಎಂಬ ಕಲ್ಪನೆಯೇ ಆ ಮನೆಗಳ ಬದುಕಿಗೆ ಹೊಂದುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಹೋಂಪಿಎನ್‌ಎ ಬೇರೂರದಿರಲು ಬಡತನವೊಂದೇ ಕಾರಣ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಫೋನ್ ಇಲ್ಲಿ ಕೋಣೆಯ ವಸ್ತುವಾಗಿರಲಿಲ್ಲ, ಪಡಸಾಲೆಯ ವಸ್ತುವಾಗಿತ್ತು. ಕೋಣೆಗಳ ನಡುವೆ ಹಂಚುವ ಜಾಲಕ್ಕೆ ಬೇಕಾದ ತಂತಿ ಹಾಗಾಗಿ ಹುಟ್ಟಲೇ ಇಲ್ಲ.

ಹುಟ್ಟಿದ್ದು ಪ್ಯಾರಲಲ್ ಲೈನ್. ಮಹಡಿ ಎಬ್ಬಿಸಿದಾಗ, ಮಗನ ಸಂಸಾರ ಪಕ್ಕದ ಭಾಗಕ್ಕೆ ಹೋದಾಗ, ಹಿತ್ತಿಲ ಕಡೆ ಅಂಗಡಿಯ ಗೋದಾಮು ಕಟ್ಟಿದಾಗ, ರೋಸೆಟ್ಟಿನ ಅದೇ ಎರಡು ತಿರುಪಿಗೆ ಇನ್ನೊಂದು ತಂತಿ ಸುತ್ತಿ ಎರಡನೆಯ ಫೋನಿಗೆ ಒಯ್ಯುವುದು. ಮಾತಿಗೆ ಇದರಿಂದ ಏನೂ ಬಾಧಕವಿಲ್ಲ. ಆದರೆ ಮೇಲಿನ ಆವರ್ತನಗಳಿಗೆ ಇಂಥ ಕವಲು ಬಹಳ ಕೆಡುಕು ಮಾಡಬಲ್ಲದು. ಎಷ್ಟೆಂದು ಲೆಕ್ಕ ಹಾಕಿ ನೋಡುವುದು ಸಾಧ್ಯ.

ತಾಮ್ರದ ಜೋಡಿತಂತಿಯಲ್ಲಿ ವಿದ್ಯುತ್ ಸಂಕೇತ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ವೇಗದಲ್ಲಿ ಹೋಗುತ್ತದೆ. ತುದಿ ಮುಚ್ಚದ ಕವಲಿಗೆ ನುಗ್ಗಿದ ಅಲೆ ತುದಿ ಮುಟ್ಟಿ ಮರಳಿ ಬರುತ್ತದೆ. ಕವಲಿನ ಉದ್ದ ಅಲೆಯುದ್ದದ ಕಾಲುಭಾಗವಾಗಿದ್ದರೆ, ಮರಳಿದ ಅಲೆ ಮೂಲ ಅಲೆಗೆ ಸರಿಯಾಗಿ ಎದುರಾಗಿ ಅದನ್ನು ಅಳಿಸುತ್ತದೆ. ಆ ಆವರ್ತನದಲ್ಲಿ ತಂತಿ ಕಿವುಡಾಗುತ್ತದೆ. ವೇಗವನ್ನು ಕವಲಿನ ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಆ ಆವರ್ತನ ಸಿಗುತ್ತದೆ. 50 ಮೀಟರ್ ಕವಲಾದರೆ 1 ಮೆಗಾಹರ್ಟ್ಸ್; 25 ಮೀಟರಾದರೆ 2; 10 ಮೀಟರಾದರೆ 5; 5 ಮೀಟರಾದರೆ 10. ಈಗ ಮೂರು ಅಂತಸ್ತುಗಳ ಮೇಲೆ ಈ ಅಂಕಿಗಳನ್ನು ಇಟ್ಟು ನೋಡಿ. ಪಡಸಾಲೆಯಿಂದ ಮಹಡಿಗೆ ಒಯ್ದ 5ರಿಂದ 12 ಮೀಟರ್ ತಂತಿ ಹೋಂಪಿಎನ್‌ಎಯ 4–10 ಮೆಗಾಹರ್ಟ್ಸ್ ಪಟ್ಟಿಯೊಳಗೇ ಹೊಡೆಯುತ್ತದೆ. ಅಂದರೆ ಮನೆಯ ಸಹಜ ಅಳತೆಯೇ ಆ ತಂತ್ರಕ್ಕೆ ಎದುರಾಳಿ. ಅದರ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಅಮೆರಿಕದ ಮನೆಗಳಲ್ಲಿ ಇಂಥ ಕವಲುಗಳು ಇನ್ನೂ ಹೆಚ್ಚು. ಕಿವುಡಾದ ಪಟ್ಟಿಯನ್ನು ಬಿಟ್ಟು ಉಳಿದದ್ದರಲ್ಲಿ ಮಾತಾಡುವ, ಪ್ರತಿ ಯಂತ್ರಕ್ಕೂ ತಕ್ಕ ವೇಗ ಹುಡುಕಿಕೊಳ್ಳುವ ತಂತ್ರವನ್ನು ಎಪಿಗ್ರಾಂ ಮಾಡಿದ್ದು ಇದಕ್ಕಾಗಿಯೇ. ಎಡಿಎಸ್‌ಎಲ್‌ಗೆ ಈ ಚಿಕ್ಕ ಕವಲುಗಳಿಂದ ಅಷ್ಟು ಪೆಟ್ಟಿಲ್ಲ. ಅದನ್ನು ಕೆಡಿಸುವುದು 50 ಮೀಟರಿನ ಕವಲು: ಊರ ಮನೆಯಿಂದ ಹಿಂದಿನ ತೋಟದ ಮನೆಗೋ ಕೊಬ್ಬರಿ ಅಟ್ಟಕ್ಕೋ ಎಳೆದ ಪ್ಯಾರಲಲ್. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಈ ಅಳತೆ ಅಪರೂಪದ್ದಲ್ಲ.

ಅರಸೀಕೆರೆಯ ಮಾತು ಬಂದಾಗ ರೈಲ್ವೆಯನ್ನು ಬಿಡುವಂತಿಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನದ ಕಡೆಗೆ ಕವಲೊಡೆಯುವ ಈ ಜಂಕ್ಷನ್ ಈಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿದೆ. ರೈಲ್ವೆಗೆ ತನ್ನದೇ ದೂರವಾಣಿ ಜಾಲ. ಅದರಲ್ಲಿ ಕಂಟ್ರೋಲ್ ಫೋನ್ ಎನ್ನುವ ಸರ್ಕಿಟ್ ಸಾಮಾನ್ಯ ಫೋನಿನಂತಲ್ಲ. ವಿಭಾಗ ಕೇಂದ್ರದಲ್ಲಿ ಕೂತ ಕಂಟ್ರೋಲರ್‌ನಿಂದ ಹೊರಟ ಒಂದೇ ಲೈನಿಗೆ ಆ ಭಾಗದ ಎಲ್ಲ ಸ್ಟೇಷನ್ನುಗಳೂ ಜೋಡಿಕೊಂಡಿರುತ್ತವೆ. ಓಮ್ನಿಬಸ್ ಸರ್ಕಿಟ್ ಎಂದು ಅದರ ಹೆಸರು. ಒಬ್ಬ ಸ್ಟೇಷನ್ ಮಾಸ್ಟರ್ ಆಡಿದ್ದು ಎಲ್ಲರಿಗೂ ಕೇಳುತ್ತದೆ. ಮಾತಾಡುವ ಮೊದಲು ಇನ್ನೊಬ್ಬರು ಮಾತಾಡುತ್ತಿಲ್ಲವೇ ಎಂದು ಕಿವಿಗೊಡಬೇಕು. ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಹಳೆಯ ಈಥರ್‌ನೆಟ್ ಮತ್ತು ಹೋಂಪಿಎನ್‌ಎ ಎರಡರ ಶಿಸ್ತೂ ಇದೇ: ಹಂಚಿಕೊಂಡ ತಂತಿ, ಮೊದಲು ಆಲಿಸು, ಆಮೇಲೆ ನುಡಿ, ಡಿಕ್ಕಿಯಾದರೆ ತುಸು ತಡೆದು ಮತ್ತೆ ಯತ್ನಿಸು. ಒಂದೇ ಜೋಡಿತಂತಿಯನ್ನು ಹಲವರು ಹಂಚಿಕೊಂಡು ಬಾಳುವ ಮಾದರಿ ಈ ಪ್ರದೇಶಕ್ಕೆ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ತಂತ್ರಜ್ಞಾನದ ಚರಿತ್ರೆ ಬರೆಯುವವರು ರೈಲ್ವೆಯ ಈ ಸರ್ಕಿಟ್ಟನ್ನು ಗಮನಿಸುವುದು ಕಡಿಮೆ. ಅದು ಜನರ ಕಣ್ಣಿಗೆ ಬೀಳದ, ಇಲಾಖೆಯೊಳಗಿನ ವಸ್ತು ಎಂಬುದೊಂದೇ ಅದಕ್ಕೆ ಕಾರಣವಿರಬೇಕು.

ಇನ್ನು ರೋಸೆಟ್ಟಿನ ಆಚೆಗೆ. 1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಅದು ಮಹಾನಗರಗಳ ಸೌಲಭ್ಯ. ತಾಲ್ಲೂಕು ಪಟ್ಟಣದ ಕಂಪ್ಯೂಟರು ಮೋಡೆಮ್ಮಿನ ಕಿರುಗುಟ್ಟುವಿಕೆಯ ಮೂಲಕ ದೂರದ ನೋಡ್‌ಗೆ ಕರೆ ಮಾಡಬೇಕಿತ್ತು. ಕರೆ ಸ್ಥಳೀಯವೋ ಎಸ್‌ಟಿಡಿಯೋ ಎಂಬುದರ ಮೇಲೆ ಇಂಟರ್‌ನೆಟ್ ಇದೆಯೋ ಇಲ್ಲವೋ ಎಂಬುದೇ ನಿಂತಿತ್ತು. ಮೋಡೆಮ್ ದತ್ತಾಂಶವನ್ನು ಸದ್ದಾಗಿಸಿ ಮಾತಿನ ಪಟ್ಟಿಯೊಳಗೇ ಕಳಿಸುವ ಯಂತ್ರ. ಹಾಗಾಗಿ ನೆಟ್‌ನಲ್ಲಿರುವಷ್ಟು ಹೊತ್ತೂ ಫೋನ್ ಎಂಗೇಜ್. 56 ಕೆ ಎಂದು ಪೆಟ್ಟಿಗೆಯ ಮೇಲೆ ಬರೆದ ಮೋಡೆಮ್ಮು ಆ ವೇಗ ಕೊಡಬೇಕಾದರೆ ಎಕ್ಸ್‌ಚೇಂಜಿನಿಂದ ಸೇವಾದಾರನವರೆಗಿನ ದಾರಿ ಪೂರ್ತಿ ಡಿಜಿಟಲ್ ಆಗಿರಬೇಕು. ನಡುವೆ ಎಲ್ಲಿಯಾದರೂ ಇನ್ನೊಂದು ಅನಲಾಗ್ ಕೊಂಡಿ ಇದ್ದರೆ ವೇಗ 33.6ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ.

ಆ ಡಿಜಿಟಲ್ ದಾರಿಗೆ ನಾಂದಿ ಹಾಡಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ದೇಶಕ್ಕೆ ಫೋನುಗಳನ್ನೂ ಹಲ್ಲುಚಕ್ರ-ಸಂಪರ್ಕಗಳ ಸ್ಟ್ರೋಜರ್ ಎಕ್ಸ್‌ಚೇಂಜುಗಳನ್ನೂ ಕಟ್ಟಿಕೊಟ್ಟಿತು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಲೈನಿನ ಸ್ವಯಂಚಾಲಿತ ಡಿಜಿಟಲ್ ಎಕ್ಸ್‌ಚೇಂಜನ್ನು ರೂಪಿಸಿತು. ಧೂಳು, ಸೆಕೆಗಳಲ್ಲಿ ಹವಾನಿಯಂತ್ರಣವಿಲ್ಲದೆ ನಡೆಯಬೇಕು ಎಂಬುದು ಅದರ ವಿನ್ಯಾಸದ ಮೊದಲ ಷರತ್ತು. ಅಂಥ ಮೊದಲ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಚಾಲೂ ಆಯಿತು. ಎಕ್ಸ್‌ಚೇಂಜು ಹೋಬಳಿಗೆ, ಹಳ್ಳಿಗೆ ಇಳಿದು ಬಂದರೆ ಮನೆಗಳಿಂದ ಅದಕ್ಕಿರುವ ತಾಮ್ರದ ಉದ್ದ ಕಡಿಮೆಯಾಗುತ್ತದೆ. ಅವತ್ತು ಇದು ಮಾತು ಸ್ಪಷ್ಟವಾಗಿ ಕೇಳಲಿ ಎಂದು ಮಾಡಿದ ಕೆಲಸ. ಎರಡು ದಶಕದ ನಂತರ ಬ್ರಾಡ್‌ಬ್ಯಾಂಡಿನ ಭಾಗ್ಯವನ್ನು ನಿರ್ಧರಿಸಿದ್ದೂ ಇದೇ ಉದ್ದ.

ನಡುವೆ ಚೆನ್ನೈನಿಂದ ಒಂದು ದೇಸಿ ಯತ್ನ ಬಂತು. ಐಐಟಿ ಮದ್ರಾಸಿನ ಅಶೋಕ್ ಝುನ್‌ಝುನ್‌ವಾಲಾ ಅವರ ಟೆನೆಟ್ ತಂಡ ಮತ್ತು ಅದರ ಒಡನಾಡಿ ಸಂಸ್ಥೆ ಬನ್ಯನ್ ನೆಟ್‌ವರ್ಕ್ಸ್ ರೂಪಿಸಿದ ಡಯಾಸ್ ವ್ಯವಸ್ಥೆ ಅದೇ ಫೋನ್ ಜೋಡಿಯ ಮೇಲೆ ಮಾತನ್ನೂ ಸದಾ ತೆರೆದಿರುವ ಇಂಟರ್‌ನೆಟ್ಟನ್ನೂ ಒಟ್ಟಿಗೆ ಕೊಡುತ್ತಿತ್ತು. ವೇಗ 128 ಕಿಲೋಬಿಟ್ ಮಟ್ಟದ್ದು. ಕೆಲವು ನಗರಗಳಲ್ಲಿ ಬಿಎಸ್‌ಎನ್‌ಎಲ್ ಇದನ್ನು ಸೇವೆಯಾಗಿ ನೀಡಿತು. ಅಗ್ಗದ ಎಡಿಎಸ್‌ಎಲ್ ಬಂದ ಮೇಲೆ ಡಯಾಸ್ ಮರೆಗೆ ಸರಿಯಿತು. ಆದರೂ ನಮ್ಮ ತಂತಿಗೆ, ನಮ್ಮ ಕೊಳ್ಳುವ ಶಕ್ತಿಗೆ ತಕ್ಕ ಉತ್ತರವನ್ನು ನಾವೇ ಹುಡುಕಿದ ಪ್ರಸಂಗವಾಗಿ ಅದಕ್ಕೆ ಚರಿತ್ರೆಯಲ್ಲಿ ಗೌರವದ ಜಾಗ ಸಿಗಬೇಕು.

2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ಟನ್ನು ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವೆಂದು ಗೊತ್ತುಮಾಡಿತು. 2005ರ ಜನವರಿ 14ರಂದು ಬಿಎಸ್‌ಎನ್‌ಎಲ್‌ನ ಡೇಟಾಒನ್ ಶುರುವಾಯಿತು. ಎಡಿಎಸ್‌ಎಲ್ ತಂತ್ರ ಮಾತಿನ ಪಟ್ಟಿಯ ಮೇಲಿನ ಜಾಗವನ್ನು 4.3125 ಕಿಲೋಹರ್ಟ್ಸ್ ಅಗಲದ ನೂರಾರು ಕಿರುಪಟ್ಟಿಗಳಾಗಿ ಸೀಳುತ್ತದೆ. ಪ್ರತಿ ಪಟ್ಟಿಯೂ ಒಂದೊಂದು ಪುಟ್ಟ ಮೋಡೆಮ್. ಯಾವುದರಲ್ಲಿ ಗದ್ದಲವಿದೆಯೋ ಅದಕ್ಕೆ ಕಡಿಮೆ ಹೊರೆ, ಯಾವುದು ನಿಶ್ಶಬ್ದವೋ ಅದಕ್ಕೆ ಹೆಚ್ಚು. ಲೈನ್, ಫೋನ್, ಮೋಡೆಮ್ ಎಂಬ ಮೂರು ತೂತುಗಳ ಸ್ಪ್ಲಿಟರ್ ಡಬ್ಬಿ ಮಾತನ್ನೂ ದತ್ತಾಂಶವನ್ನೂ ಬೇರ್ಪಡಿಸುತ್ತದೆ. ಮೋಡೆಮ್ಮಿನ ಒಳಪುಟ 192.168.1.1 ತೆರೆದು ವಿಪಿಐ 0, ವಿಸಿಐ 35 ತುಂಬುವುದು ಆ ಕಾಲದ ಕಂಪ್ಯೂಟರ್ ಅಂಗಡಿ ಹುಡುಗರಿಗೆಲ್ಲ ಬಾಯಿಪಾಠ.  

ತಾಮ್ರದ ಉದ್ದದ ಲೆಕ್ಕ ಇಲ್ಲಿ ನೇರ. ನಮ್ಮ ಭೂಗತ ಕೇಬಲ್‌ಗಳಲ್ಲಿ ಸಾಮಾನ್ಯವಾದ 0.5 ಮಿಲಿಮೀಟರ್ ತಂತಿಯ ಹೋಗಿಬರುವ ಪ್ರತಿರೋಧ ಕಿಲೋಮೀಟರಿಗೆ ಸುಮಾರು 175 ಓಮ್. 5 ಕಿಲೋಮೀಟರ್ ದೂರದಲ್ಲೂ ಅದು 900ನ್ನು ದಾಟದು, ಮಾತು ಚೆನ್ನಾಗಿಯೇ ಕೇಳುತ್ತದೆ. ಎಡಿಎಸ್‌ಎಲ್‌ನ ಸುಧಾರಿತ ರೂಪವಾದ ಎಡಿಎಸ್‌ಎಲ್2+ ಮಾತ್ರ 1 ಕಿಲೋಮೀಟರ್ ಒಳಗೆ 20 ಮೆಗಾಬಿಟ್ ದಾಟಬಲ್ಲದು, 3ರ ಹೊತ್ತಿಗೆ ಅರ್ಧಕ್ಕೂ ಕೆಳಗಿಳಿಯುತ್ತದೆ, 5ನ್ನು ದಾಟಿದರೆ ಒಂದೆರಡು ಮೆಗಾಬಿಟ್ ಉಳಿದರೆ ಪುಣ್ಯ. ‘ಫೋನ್ ಸರಿ ಇದೆ, ನೆಟ್ ಮಾತ್ರ ಬರಲ್ಲ’ ಎಂಬ ದೂರಿಗೂ ‘ಲೈನ್ ಓಕೆ’ ಎಂಬ ಉತ್ತರಕ್ಕೂ ನಡುವೆ ನಡೆದ ಅಸಂಖ್ಯ ಜಗಳಗಳ ಮೂಲ ಈ ಅಂತರದಲ್ಲಿದೆ. ಇಬ್ಬರು ಹೇಳಿದ್ದೂ ನಿಜ.

ಮೂರು ಊರುಗಳನ್ನು ಈ ಅಳತೆಗೆ ಹಿಡಿದರೆ ಅವುಗಳ ಸ್ವರೂಪ ಬೇರೆ ಬೇರೆಯಾಗಿ ಕಾಣುತ್ತದೆ. ಅರಸೀಕೆರೆ ಸ್ಟೇಷನ್ನು, ಬಸ್‌ ನಿಲ್ದಾಣ, ಮಾರುಕಟ್ಟೆಗಳ ಸುತ್ತ ಒತ್ತಾಗಿ ಬೆಳೆದ ಬಯಲುಸೀಮೆಯ ಪಟ್ಟಣ. ಇಂಥ ಊರಿನಲ್ಲಿ ಬಹುಪಾಲು ಮನೆಗಳು ಎಕ್ಸ್‌ಚೇಂಜಿಗೆ ಹತ್ತಿರವೇ ಬೀಳುತ್ತವೆ. ಬೇಲೂರಿನ ಪೇಟೆಯೂ ಹಾಗೆಯೇ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಸುತ್ತ ಹೆಣೆದುಕೊಂಡದ್ದು. ಆದರೆ ಪೇಟೆ ದಾಟಿ ಬಿಕ್ಕೋಡು, ಅರೇಹಳ್ಳಿಗಳ ಕಡೆ ಹೊರಳಿದರೆ ಕಾಫಿ ತೋಟ, ಒಂಟಿ ಮನೆ, ಮರಗಳ ನಡುವೆ ಕಂಬದಿಂದ ಕಂಬಕ್ಕೆ ಹೋದ ತಂತಿ. ಅಲ್ಲಿನ ತೋಟದ ಬಂಗಲೆ ಎಡಿಎಸ್‌ಎಲ್ ಎಟುಕುವ ದೂರದಲ್ಲೇ ಇಲ್ಲ. ಹಳೇಬೀಡಿನದು ಮೂರನೆಯ ಬಗೆ: ಊರು ಚಿಕ್ಕದು, ಮನೆಗಳು ಹತ್ತಿರ, ಆದರೆ ಸಣ್ಣ ಎಕ್ಸ್‌ಚೇಂಜಿನಿಂದ ಮುಂದಕ್ಕೆ ಹೋಗುವ ಕೊಂಡಿ ಎಷ್ಟು ಅಗಲವೋ ಊರಿನ ನೆಟ್ ಅಷ್ಟೇ. ಮನೆಯ ತಂತಿ ಎಷ್ಟೇ ಶುದ್ಧವಿದ್ದರೂ ಅದು ಬದಲಾಗದು.

ಹೋಬಳಿ ಮಟ್ಟದಲ್ಲಿ ತಾಮ್ರವನ್ನು ನಂಬಿ ಕೂರುವಂತಿಲ್ಲ ಎಂಬುದಕ್ಕೆ ಸರ್ಕಾರದ್ದೇ ನಿದರ್ಶನವಿದೆ. 2006ರ ಸುಮಾರಿಗೆ ರಾಜ್ಯದಾದ್ಯಂತ ತೆರೆದ ಸುಮಾರು 800 ನೆಮ್ಮದಿ ಕೇಂದ್ರಗಳಿಗೆ ಪಹಣಿ, ಜಾತಿ-ಆದಾಯ ಪತ್ರಗಳ ಕೆಲಸಕ್ಕಾಗಿ ಉಪಗ್ರಹದ ವಿ-ಸ್ಯಾಟ್ ತಟ್ಟೆಗಳನ್ನು ಕೊಡಲಾಯಿತು. 1982ರಿಂದ ಇನ್‌ಸ್ಯಾಟ್ ಉಪಗ್ರಹಗಳನ್ನು ಆಕಾಶದಲ್ಲಿ ಹಿಡಿದಿಟ್ಟುಕೊಂಡಿರುವ ಇಸ್ರೋದ ನಿಯಂತ್ರಣ ಕೇಂದ್ರ ಇದೇ ಹಾಸನದಲ್ಲಿದೆ.

ತೂಗಾಡುವ ಡ್ರಾಪ್ ವೈರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದು ಏರಿಯಲ್. ಎಡಿಎಸ್‌ಎಲ್‌ನ ಇಳಿಮುಖ ಪಟ್ಟಿ 138 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಹೋಗುವಾಗ ಆಕಾಶವಾಣಿಯ ಮಧ್ಯಮ ತರಂಗಗಳ ಸೀಮೆಯೊಳಗೆ ಹಾದುಹೋಗುತ್ತದೆ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಅಂದರೆ ಸರಿಸುಮಾರು 142ನೆಯ ಕಿರುಪಟ್ಟಿ. ಭದ್ರಾವತಿಯ 675 ಅಂದರೆ 156 ಮತ್ತು 157ರ ನಡುವೆ. ತಂತಿಯ ಎರಡೂ ಎಳೆಗಳು ಸಮತೋಲದಲ್ಲಿದ್ದರೆ ಎರಡರಲ್ಲೂ ಸಮನಾಗಿ ಹುಟ್ಟುವ ಈ ಹೊರಸಂಕೇತ ತಾನಾಗಿ ರದ್ದಾಗುತ್ತದೆ. ಒಂದು ಎಳೆಯ ಜಾಯಿಂಟ್ ತುಕ್ಕು ಹಿಡಿದು ಸಮತೋಲ ತಪ್ಪಿದರೆ ರೇಡಿಯೊ ಒಳನುಗ್ಗುತ್ತದೆ. ಮೋಡೆಮ್ ಆ ಎರಡು-ಮೂರು ಪಟ್ಟಿಗಳನ್ನು ಕೈಬಿಡುತ್ತದೆ. ರಾತ್ರಿ ಮಧ್ಯಮ ತರಂಗಗಳು ಅಯಾನುಗೋಳದಿಂದ ಪ್ರತಿಫಲಿಸಿ ದೂರದಿಂದಲೂ ಬರುವುದರಿಂದ, ಹಗಲು ಚೆನ್ನಾಗಿದ್ದ ಲೈನು ಕತ್ತಲಾದ ಮೇಲೆ ಕೆಡುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ಕಿರುಪಟ್ಟಿಗಳ ಹಂಚಿಕೆಯನ್ನು ಮೋಡೆಮ್ಮಿನ ಒಳಪುಟಗಳಿಂದ ತೆಗೆದು ಆಕಾಶವಾಣಿಯ ಆವರ್ತನಗಳ ಪಕ್ಕ ಇಟ್ಟು ನೋಡುವುದು ಕಾಲೇಜು ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ. ತಾಮ್ರ ಇನ್ನೂ ಜೀವಂತವಿರುವ ಕಡೆ ಕೂಡಲೇ ಮಾಡಬೇಕು.

ಜಾಯಿಂಟ್ ಎಂದರೆ ಮಳೆಯ ಮಾತು. ಕೇಬಲ್ಲಿನೊಳಗೆ ನೀರು ಹರಡದಿರಲಿ ಎಂದು ಜೆಲ್ಲಿ ತುಂಬಿರುತ್ತಾರೆ; ಆದರೆ ರಸ್ತೆಬದಿಯ ಪಿಲ್ಲರ್ ಪೆಟ್ಟಿಗೆಯಲ್ಲಿ, ಡಿಪಿ ಬಾಕ್ಸಿನಲ್ಲಿ, ರಸ್ತೆ ಅಗೆದಾಗ ಕಡಿದು ಮತ್ತೆ ಕೂಡಿಸಿದ ಗುಂಡಿಯಲ್ಲಿ ಜೆಲ್ಲಿ ಇಲ್ಲ. ಮಲೆನಾಡಿನ ಸೆರಗಿನಲ್ಲಿರುವ ಬೇಲೂರಿಗೆ ಜೂನ್‌ನಿಂದ ತಿಂಗಳುಗಟ್ಟಲೆ ತೇವ. ಅರಸೀಕೆರೆಗೆ ಮುಖ್ಯ ಅಪಾಯ ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲು. ತೇವ ಲೈನನ್ನು ನಿಧಾನವಾಗಿ ಕೆಡಿಸುತ್ತದೆ, ಸಿಡಿಲು ಮೋಡೆಮ್ಮನ್ನು ಒಂದೇ ಕ್ಷಣದಲ್ಲಿ ಸುಡುತ್ತದೆ. ವಿದ್ಯುತ್ತಿನ ವಿಚಾರವನ್ನೂ ಸೇರಿಸಬೇಕು. ಹಳೆಯ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ಜೋಡಿಯಲ್ಲಿ ಬರುತ್ತದೆ. ಊರೆಲ್ಲ ಕತ್ತಲಾದರೂ ಫೋನ್ ಬಡಿಯುತ್ತದೆ. ಮೋಡೆಮ್ಮಿಗೆ ಮನೆಯ ಕರೆಂಟೇ ಬೇಕು. ಲೋಡ್ ಶೆಡ್ಡಿಂಗಿನ ವರ್ಷಗಳಲ್ಲಿ ತಂತಿ ಜೀವಂತವಿದ್ದೂ ಜಾಲ ಸತ್ತಿರುತ್ತಿತ್ತು.

ಇಷ್ಟೆಲ್ಲ ದಾಟಿ ಸಂಕೇತ ರೋಸೆಟ್ ತಲುಪಿದ ಮೇಲೆ ಕೊನೆಯ ಹತ್ತು ಮೀಟರ್. ಸಾಮಾನ್ಯ ದೋಷ ಒಂದೇ: ಮಹಡಿಯ ಪ್ಯಾರಲಲ್ ಫೋನನ್ನು ಸ್ಪ್ಲಿಟರಿಗಿಂತ ಮೊದಲೇ ರೋಸೆಟ್ಟಿಗೆ ಕಟ್ಟಿರುವುದು. ಕರೆ ಬಂದಾಗ ಸುಮಾರು 75 ವೋಲ್ಟಿನ ಗಂಟೆಯ ವಿದ್ಯುತ್ ಆ ಫೋನಿಗೆ ನೇರ ನುಗ್ಗುತ್ತದೆ, ರಿಸೀವರ್ ಎತ್ತಿದ ತಕ್ಷಣ ಲೈನಿನ ಗುಣವೇ ಬದಲಾಗುತ್ತದೆ, ಮೋಡೆಮ್ಮಿನ ದೀಪ ಮಿನುಗಿ ನೆಟ್ ಹೋಗುತ್ತದೆ. ಪ್ಯಾರಲಲ್ ಲೈನನ್ನು ಸ್ಪ್ಲಿಟರಿನ ಫೋನ್ ತೂತಿನಿಂದ ತೆಗೆದುಕೊಂಡರೆ ಅಲ್ಲಿಗೆ ಪರಿಹಾರ. ಆಗ ಕವಲು ಸ್ಪ್ಲಿಟರಿನ ಹಿಂದೆ ಬೀಳುವುದರಿಂದ ಅದರ ಉದ್ದವೂ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಆ ಒಳತಂತಿಯನ್ನೇ ಮನೆಯೊಳಗಿನ ಜಾಲಕ್ಕೆ ಬಳಸುವ ಯೋಚನೆಗೆ ನಮ್ಮಲ್ಲಿ ಅವಕಾಶವೇ ಸಿಗಲಿಲ್ಲವೇ? ತಾರೀಖುಗಳೇ ಉತ್ತರ ಕೊಡುತ್ತವೆ. ಡೇಟಾಒನ್ ಬಂದ 2005ರ ಜನವರಿ ತಿಂಗಳಲ್ಲೇ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಡುವ ನಿಯಮಗಳನ್ನು ಪ್ರಕಟಿಸಿತು. ಮನೆಗೆ ಬ್ರಾಡ್‌ಬ್ಯಾಂಡ್ ಬರುವುದಕ್ಕೂ ವೈ-ಫೈ ಮುಕ್ತವಾಗುವುದಕ್ಕೂ ಅಂತರ ಉಳಿಯಲಿಲ್ಲ. ಅಮೆರಿಕದಲ್ಲಿ ಹೋಂಪಿಎನ್‌ಎ ಬೆಳೆದದ್ದು ವೈ-ಫೈ ಮನೆಮನೆಗೆ ಹರಡುವ ಮುಂಚಿನ ವರ್ಷಗಳಲ್ಲಿ. ವೈ-ಫೈ ಹರಡಿದ ಮೇಲೂ ಅಲ್ಲಿ ಅದು ಪೂರ್ತಿ ಸಾಯಲಿಲ್ಲ: ಎಟಿ ಆ್ಯಂಡ್ ಟಿ ತನ್ನ ಯು-ವರ್ಸ್ ದೂರದರ್ಶನ ಸೇವೆಯನ್ನು ಮನೆಯೊಳಗೆ ಹಂಚಲು ಅದರ ಮೂರನೆಯ ತಲೆಮಾರನ್ನು ಬಳಸಿತು. ಆಮೇಲೆ ಫೋನ್ ತಂತಿ, ಕರೆಂಟಿನ ತಂತಿ, ಟಿವಿ ಕೇಬಲ್ ಮೂರಕ್ಕೂ ಒಂದೇ ಮಾನಕವಾಗಿ ಜಿ.ಎಚ್‌ಎನ್ ಬಂದು, 2013ರಲ್ಲಿ ಹೋಂಪಿಎನ್‌ಎ ಒಕ್ಕೂಟ ಅದರ ಬಳಗದಲ್ಲಿ ಲೀನವಾಯಿತು.

ಜಿ.ಎಚ್‌ಎನ್‌ಗೆ ಈ ಭಾಗದಲ್ಲಿ ಒಂದು ಜಾಗ ಇನ್ನೂ ಇದೆ ಎಂಬುದು ನನ್ನ ಅಭಿಪ್ರಾಯ. ಅದು ಮನೆಯಲ್ಲ, ಲಾಡ್ಜು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ತಂಗುವವರ ಸಂಖ್ಯೆಯ ಜೊತೆಗೆ ಕೋಣೆಯಲ್ಲಿ ಒಳ್ಳೆಯ ನೆಟ್ ಬೇಕೆನ್ನುವ ಒತ್ತಾಯವೂ ಸಹಜವಾಗಿ ಏರುತ್ತದೆ. ಹಳೆಯ ಲಾಡ್ಜುಗಳ ಗೋಡೆಗಳು ದಪ್ಪ, ವೈ-ಫೈ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಆದರೆ ರಿಸೆಪ್ಷನ್ನಿನ ಇಪಿಎಬಿಎಕ್ಸ್ ಪೆಟ್ಟಿಗೆಯಿಂದ ಪ್ರತಿ ಕೋಣೆಗೂ ಇಂಟರ್‌ಕಾಂ ಜೋಡಿ ಈಗಾಗಲೇ ಹೋಗಿದೆ. ಅದೂ ಕವಲಿಲ್ಲದೆ, ಒಂದು ಕೋಣೆಗೆ ಒಂದು ಜೋಡಿಯಂತೆ. ಮೇಲೆ ಲೆಕ್ಕ ಹಾಕಿದ ಕಾಲು ಅಲೆಯುದ್ದದ ಕಂಟಕ ಅಲ್ಲಿಲ್ಲ. ಹೋಂಪಿಎನ್‌ಎ ಬಯಸಿದ, ನಮ್ಮ ಮನೆಗಳಲ್ಲಿ ಎಂದೂ ಇರದ ಒಳತಂತಿ ಇದೇ.

ಹೊರಗಿನ ತಾಮ್ರದ ಕಾಲ ಮಾತ್ರ ಮುಗಿಯುತ್ತಿದೆ. 2011ರಲ್ಲಿ ಮಂಜೂರಾದ ಗ್ರಾಮ ಪಂಚಾಯಿತಿ ಫೈಬರ್ ಯೋಜನೆ ಭಾರತ್‌ನೆಟ್ ಆಗಿ ಮುಂದುವರಿದಿದೆ. ಪಟ್ಟಣಗಳಲ್ಲಿ ಮನೆಬಾಗಿಲಿಗೆ ಗಾಜಿನ ಎಳೆ ಬಂದಿದೆ. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ 78,000ಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದು ಒಂದೇ ದಿನ ಹೊರನಡೆದರು. ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು ಎಂದು ಬಣ್ಣ ನೋಡಿ ಜೋಡಿ ಗುರುತಿಸುವ, ಯಾವ ಪಿಲ್ಲರಿನ ಯಾವ ಪೇರ್ ಯಾರ ಮನೆಗೆ ಹೋಗುತ್ತದೆಂದು ಹೇಳಬಲ್ಲ ಅನುಭವಿಗಳಲ್ಲಿ ಬಹಳ ಮಂದಿ ಆ ದಿನದ ನಂತರ ಕೆಲಸದಲ್ಲಿಲ್ಲ.

ಸಂಗ್ರಹಿಸಬೇಕಾದದ್ದು ಇದು: ಪಿಲ್ಲರ್ ಮತ್ತು ಡಿಪಿಗಳ ಪೇರ್ ರಿಜಿಸ್ಟರುಗಳು, ಕೇಬಲ್ ಮಾರ್ಗದ ಕೈನಕ್ಷೆಗಳು, ಎಕ್ಸ್‌ಚೇಂಜಿನಲ್ಲಿ ಎಲ್ಲ ಜೋಡಿಗಳೂ ಬಂದು ಸೇರುವ ಎಂಡಿಎಫ್ ಚೌಕಟ್ಟಿನ ಜಂಪರ್ ದಾಖಲೆಗಳು, ದೂರು ಪುಸ್ತಕಗಳು, ನಿವೃತ್ತ ಲೈನ್‌ಮ್ಯಾನ್‌ಗಳ ಧ್ವನಿಮುದ್ರಿತ ಮಾತು. ದೂರು ಪುಸ್ತಕದ ತಾರೀಖುಗಳನ್ನು ಮಳೆಯ ದಾಖಲೆಯೊಂದಿಗೆ ಹೋಲಿಸಿದರೆ ಮೂರೂ ಊರುಗಳ ತಂತಿ ಯಾವ ತಿಂಗಳು ಎಲ್ಲಿ ಸೋಲುತ್ತಿತ್ತು ಎಂಬುದು ಅಂಕಿಗಳಲ್ಲೇ ತಿಳಿಯುತ್ತದೆ. ಕೆಲಸವನ್ನು ಬೇಲೂರಿನಿಂದ ಶುರು ಮಾಡುವುದು ಮೇಲು. ಅಲ್ಲಿನ ತೇವಕ್ಕೆ ಕಾಗದ ಬೇಗ ಹಾಳಾಗುತ್ತದೆ. ಅರಸೀಕೆರೆಯ ಒಣಹವೆಯಲ್ಲಿ ರಿಜಿಸ್ಟರುಗಳು ಇನ್ನೂ ಕೆಲವು ವರ್ಷ ತಾಳಿಯಾವು.